ಉಪ್ಪಿನ ವ್ಯಾಪಾರಿಯ ತಿದ್ದುಪಡಿ

"ಎಲ್ಲರಿಗೂ ಬಿಟ್ಟುಕೊಟ್ಟದ್ದನ್ನು ಯಾರು ನೋಡಿಕೊಳ್ಳಬೇಕು, ಸರ್?"

ಯಶೋಮತಿ ಹೀಗೆ ಕೇಳಿದಾಗ ಗುರುಗಳು ಚಹಾ ಸೋಸುತ್ತಿದ್ದರು. ನಿವೃತ್ತರಾದ ಮೇಲೂ ಶಿಷ್ಯರು ಮನೆಗೆ ಬಂದರೆ ಚಹಾ ಅವರೇ ಮಾಡಬೇಕು, ಬೇರೆ ಯಾರೂ ಒಲೆಯ ಹತ್ತಿರ ಸುಳಿಯುವಂತಿಲ್ಲ.

ಅವಳು ಸಂಶೋಧನೆಗೆ ಸೇರಿದ ಮೊದಲ ವರ್ಷವೇ ಒಂದು ತಂತ್ರಾಂಶ ಬರೆದಿದ್ದಳು. ಕೆರೆಯ ದಂಡೆಯಲ್ಲಿ ಧ್ವನಿಮುದ್ರಿಸಿದ ಗದ್ದಲವನ್ನು ಅದಕ್ಕೆ ಕೇಳಿಸಿದರೆ ಸಾಕು, ಯಾವ ಜಾತಿಯ ಕಪ್ಪೆ ಎಷ್ಟು ಸಲ ಕೂಗಿತು ಎಂದು ಹೇಳುತ್ತಿತ್ತು. ಅದರ ಒಳಗಿನ ಬರಹವನ್ನೆಲ್ಲ ಅವಳು ಅಂತರಜಾಲದಲ್ಲಿ ತೆರೆದಿಟ್ಟಳು. ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಹಂಚಬಹುದು. ಆರು ವರ್ಷದಲ್ಲಿ ಅದು ಎಲ್ಲೆಲ್ಲಿಗೋ ಹೋಯಿತು. ಅವಳ ಪ್ರಬಂಧ ಮಾತ್ರ ಮೂರನೆಯ ಅಧ್ಯಾಯದಲ್ಲೇ ಕೂತಿತ್ತು.

"ಬೆಳಗಾದರೆ ದೂರು, ಸರ್. ನಮ್ಮ ಕಂಪ್ಯೂಟರಿನಲ್ಲಿ ಓಡುತ್ತಿಲ್ಲ, ನಮ್ಮೂರ ಕಪ್ಪೆಯನ್ನು ಗುರುತಿಸುತ್ತಿಲ್ಲ, ನಾಳೆಯೊಳಗೆ ಸರಿಮಾಡಿಕೊಡಿ ಅಂತ. ಅದನ್ನು ಬಳಸಿ ಪ್ರಬಂಧ ಬರೆದವರು ನನ್ನ ಹೆಸರನ್ನೂ ಹಾಕುವುದಿಲ್ಲ. ವಿಶ್ವವಿದ್ಯಾಲಯದ ಸಮಿತಿಯವರು, ಸಲಕರಣೆ ಮಾಡುವುದು ಸಂಶೋಧನೆಯಲ್ಲಮ್ಮ ಅಂತಾರೆ. ಮಾರ್ಚ್ ಒಳಗೆ ಪ್ರಬಂಧ ಕೊಡದಿದ್ದರೆ ನನ್ನ ನೋಂದಣಿಯೇ ರದ್ದು. ಇವತ್ತು ಅದನ್ನು ಮುಚ್ಚಿಬಿಡುತ್ತೇನೆ."

"ಸಹಾಯಕ್ಕೆ ಯಾರೂ ಬರಲಿಲ್ಲವೇ?"

"ಬಂದರು ಬಿಡಿ. ಗಂಗಾವತಿಯ ಒಬ್ಬ ಹೈಸ್ಕೂಲು ಮೇಷ್ಟ್ರು ಏನೋ ತಿದ್ದಿ ಕಳಿಸಿದ್ದರು. ಅವರು ಕಂಡುಹಿಡಿದ ತಪ್ಪು ನಿಜವಾದದ್ದೇ. ಬರೆದದ್ದು ಮಾತ್ರ ಕಲಸುಮೇಲೋಗರ. ಅವರಿಗೆ ಹೇಳಿಕೊಡುವ ಹೊತ್ತಿನಲ್ಲಿ ನಾನೇ ನಾಲ್ಕು ಸಲ ಬರೆಯಬಹುದಿತ್ತು. ಎಲ್ಲ ಅಳಿಸಿ ಅರ್ಧ ಗಂಟೆಯಲ್ಲಿ ಬರೆದು ಮುಗಿಸಿದೆ."

ಗುರುಗಳು ಲೋಟವನ್ನು ಅವಳ ಮುಂದಿಟ್ಟರು. ಬೈಯುತ್ತಾರೆ, ಇಲ್ಲವೇ ಬುದ್ಧಿ ಹೇಳುತ್ತಾರೆ ಎಂದು ಅವಳು ಅಂದುಕೊಂಡಿದ್ದಳು. ಅವರು ಎರಡನ್ನೂ ಮಾಡಲಿಲ್ಲ, ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಗಣಿತಜ್ಞನಿದ್ದ. ಸೂರ್ಯನಿಗೆ ಗ್ರಹಣ ಯಾವ ದಿನ, ಯಾವ ಗಳಿಗೆಯಲ್ಲಿ ಹಿಡಿಯುತ್ತದೆ, ಯಾವಾಗ ಬಿಡುತ್ತದೆ ಎಂದು ತಿಳಿಯಲು ಆಗ ವಿದ್ವಾಂಸರು ವಾರಗಟ್ಟಲೆ ಕೂತು ಗುಣಿಸಬೇಕಿತ್ತು. ಇವನು ಹನ್ನೆರಡು ವರ್ಷ ಕೂತು ಆ ಗಣಿತವನ್ನೆಲ್ಲ ಒಂದು ಕೋಷ್ಟಕಕ್ಕೆ ಇಳಿಸಿದ. ಇಪ್ಪತ್ತು ತಾಳೆಗರಿ, ಅಷ್ಟೆ. ಕೂಡಿಸಿ ಕಳೆಯಲು ಬಂದರೆ ಸಾಕು, ಯಾರು ಬೇಕಾದರೂ ಗ್ರಹಣದ ಹೊತ್ತು ಹೇಳಬಹುದು. ಅಂಥದ್ದನ್ನು ಗುಟ್ಟಾಗಿಟ್ಟುಕೊಂಡು ಮೆರೆಯುವವರೇ ಹೆಚ್ಚು. ಇವನು ಗರಿಗಳನ್ನು ಮನೆಯ ಜಗಲಿಯ ಮೇಲಿಟ್ಟು, ಬೇಕಾದವರು ನಕಲು ಮಾಡಿಕೊಳ್ಳಿ ಎಂದ.

ಜನ ಬಂದರು, ನಕಲು ಮಾಡಿಕೊಂಡರು. ಅವನ ಕೋಷ್ಟಕ ನೋಡಿ ಗ್ರಹಣ ಹೇಳಿದ ಪಂಡಿತರಿಗೆ ಅರಮನೆಯಲ್ಲಿ ಶಾಲು ಹೊದಿಸಿದರು. ಕೋಷ್ಟಕ ಯಾರದೆಂದು ಅರಸ ಕೇಳಲಿಲ್ಲ. ಪಂಡಿತರೂ ಬಾಯಿ ಬಿಡಲಿಲ್ಲ, ಶಾಲಿನ ಬಿಸಿಗೆ ಮರೆತರೋ ಏನೋ. ಗಣಿತಜ್ಞನಿಗೆ ನೋವಾಯಿತು. ಆದರೂ ಜಗಲಿಯ ಮೇಲಿನ ಗರಿಗಳನ್ನು ಅವನು ಒಳಗೆ ತೆಗೆದಿಡಲಿಲ್ಲ.

ಆಮೇಲೆ ದೂರುಗಳು ಶುರುವಾದವು. ನಮ್ಮಲ್ಲಿ ಗ್ರಹಣ ಕಾಲು ಗಳಿಗೆ ತಡವಾಗಿ ಹಿಡಿಯಿತು ಎಂದು ಮೂಡಣ ಸೀಮೆಯವರು. ನಮ್ಮಲ್ಲಿ ಮುಂಚೆಯೇ ಹಿಡಿಯಿತು ಎಂದು ಪಡುವಣದವರು. ಯಾರೂ ಬೇಕೆಂದು ಕಾಡಿದವರಲ್ಲ. ಊರು ಬದಲಾದರೆ ಗ್ರಹಣದ ಹೊತ್ತೂ ತುಸು ಬದಲಾಗುತ್ತದೆ. ಅಲ್ಲದೆ ಎಂಥ ಕೋಷ್ಟಕವೇ ಆಗಲಿ, ವರ್ಷ ಕಳೆದಂತೆ ಆಕಾಶಕ್ಕೂ ಅದಕ್ಕೂ ಕೂದಲೆಳೆಯಷ್ಟು ಅಂತರ ಬೀಳುತ್ತಲೇ ಹೋಗುತ್ತದೆ, ಆಗಾಗ ತಿದ್ದುತ್ತಿರಬೇಕು. ಗಣಿತಜ್ಞ ಎಲ್ಲವನ್ನೂ ತಾನೇ ತಿದ್ದಿದ. ತಿದ್ದುವ ಬಗೆ ಅವನ ತಲೆಯಲ್ಲಿತ್ತು, ಗರಿಯಲ್ಲಿ ಇರಲಿಲ್ಲ. ಅದನ್ನು ಬರೆದಿಡಲು ಪಾಪ, ಅವನಿಗೆ ಪುರುಸೊತ್ತೆಲ್ಲಿ?

ಒಂದು ದಿನ ಒಬ್ಬ ಉಪ್ಪಿನ ವ್ಯಾಪಾರಿ ಒಂದು ಗರಿ ತಂದುಕೊಟ್ಟು ಹೋದ. ಅವನು ಎತ್ತುಗಳ ಮೇಲೆ ಉಪ್ಪು ಹೇರಿಕೊಂಡು ಕಡಲತೀರದಿಂದ ಒಳನಾಡಿನವರೆಗೆ ತಿರುಗುವವನು. ನೀರಿನಲ್ಲಿ ಬಟ್ಟಲು ತೇಲಿಬಿಟ್ಟು ಗಳಿಗೆ ಎಣಿಸುವವರು ಆಗ ಊರೂರಿನಲ್ಲೂ ಇದ್ದರು. ಹಿಂದಿನ ಗ್ರಹಣ ಎಲ್ಲೆಲ್ಲಿ ಎಷ್ಟು ಹೊತ್ತಿಗೆ ಹಿಡಿಯಿತು ಎಂದು ಅವರನ್ನು ಕೇಳಿ, ಯಾವ ಊರಿಗೆ ಎಷ್ಟು ಕೂಡಿಸಬೇಕು, ಎಷ್ಟು ಕಳೆಯಬೇಕು ಎಂದು ವ್ಯಾಪಾರಿ ಗೀಚಿದ್ದ. ಅಕ್ಷರ ಉಪ್ಪಿನ ಮೂಟೆಯ ಮೇಲೆ ಗುರುತು ಹಾಕುವಂಥದ್ದು. ಸಾಲು ಸೊಟ್ಟ, ಅಂಕಿಗಳು ಒಂದರ ಮೇಲೊಂದು. ಆದರೆ ಅವನು ಹೇಳಿದ್ದು ಸರಿಯಾಗಿತ್ತು.

ಗಣಿತಜ್ಞನಿಗೆ ಸಂತೋಷವೇ ಆಯಿತು. ಆದರೆ ಅದನ್ನು ಹಾಗೆಯೇ ಜಗಲಿಯ ಮೇಲಿಡಲು ಮನಸ್ಸು ಒಪ್ಪಲಿಲ್ಲ. ಹೊಸ ಗರಿ ತೆಗೆದು, ಅದನ್ನೇ ಮುತ್ತು ಪೋಣಿಸಿದಂತೆ ಬರೆದಿಟ್ಟ. ವ್ಯಾಪಾರಿಯ ಗರಿಯನ್ನು ಅಟ್ಟಕ್ಕೆ ಹಾಕಿದ. ಮುಂದಿನ ಸಲ ಆ ದಾರಿಯಲ್ಲಿ ಬಂದ ವ್ಯಾಪಾರಿ ಜಗಲಿಯ ಮೇಲಿನ ಹೊಸ ಗರಿಯನ್ನು ನೋಡಿದ. ತನ್ನದನ್ನು ಹುಡುಕಿದ. ಕಾಣದೆ, ಎತ್ತು ಹೊಡೆದುಕೊಂಡು ಹೋದ.

ಇನ್ನೂ ಒಬ್ಬಿಬ್ಬರು ಏನೇನೋ ತಿದ್ದಿ ತಂದರು. ಅವರ ಗರಿಗಳಿಗೂ ಅದೇ ಗತಿಯಾಯಿತು. ಆಮೇಲೆ ದೂರು ಬರುವುದು ನಿಲ್ಲಲಿಲ್ಲ, ತಿದ್ದುಪಡಿ ಬರುವುದು ನಿಂತಿತು.

ಇಪ್ಪತ್ತು ವರ್ಷ ಕಳೆಯಿತು. ಗಣಿತಜ್ಞನ ಕಣ್ಣು ಮಂಜಾಗಿ ಸಣ್ಣ ಅಂಕಿಗಳು ಕಾಣದಾದವು. ತಿದ್ದುವವರಿಲ್ಲದೆ ಕೋಷ್ಟಕ ಆಕಾಶದಿಂದ ದೂರ ಸರಿಯುತ್ತ ಹೋಯಿತು. ಒಂದು ಅಮಾವಾಸ್ಯೆಯ ಬೆಳಿಗ್ಗೆ, ಕೋಷ್ಟಕ ಹೇಳಿದ ಹೊತ್ತಿಗೆ ಸರಿಯಾಗಿ ಊರವರು ಗ್ರಹಣದ ಸ್ನಾನಕ್ಕೆಂದು ಕೆರೆಗಿಳಿದು ನಿಂತರು. ಮನೆಗಳಲ್ಲಿ ಒಲೆ ಹಚ್ಚಿರಲಿಲ್ಲ, ಮಕ್ಕಳು ಹಸಿದು ಅಳುತ್ತಿದ್ದವು. ಸೂರ್ಯ ಮಾತ್ರ ಏನೂ ಆಗದವನಂತೆ ಉರಿಯುತ್ತಿದ್ದ. ಜನ ಕಾದು ಕಾದು ಮನೆಗೆ ಹೋಗಿ ಅನ್ನಕ್ಕಿಟ್ಟ ಮೇಲೆ ಗ್ರಹಣ ಹಿಡಿಯಿತು. ಎಲ್ಲರೂ ಕೋಷ್ಟಕವನ್ನು ಬೈದರು. ಕೆಲವರು ತಮ್ಮ ನಕಲುಗಳನ್ನು ಕೆರೆಗೆ ಎಸೆದರು.

ಗಣಿತಜ್ಞ ಜಗಲಿಯ ಮೇಲೆ ಕೂತು ಅತ್ತುಬಿಟ್ಟ. ತನ್ನ ಕಣ್ಣೆದುರೇ ತನ್ನ ಬಾಳಿನ ಕೆಲಸ ಸಾಯುತ್ತಿತ್ತು, ಉಳಿಸಿಕೊಡಿ ಎಂದು ಕೇಳಲು ಒಬ್ಬರ ಹೆಸರೂ ಬಾಯಿಗೆ ಬರಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಉಪ್ಪಿನ ವ್ಯಾಪಾರಿ ನೆನಪಾದ. ಕೋಲೂರಿಕೊಂಡು ಎಂಟು ದಿನ ನಡೆದು ಅವನ ಊರು ಸೇರಿದ.

ವ್ಯಾಪಾರಿಗೂ ವಯಸ್ಸಾಗಿತ್ತು. ಕಾಲಿಗೆ ನೀರು ಕೊಟ್ಟ, ಕುಡಿಯಲು ಮಜ್ಜಿಗೆ ಕೊಟ್ಟ. ಬಂದ ಕೆಲಸ ಕೇಳಿ, ಗೋಡೆಗೆ ತೂಗುಹಾಕಿದ್ದ ಗರಿಯ ಕಟ್ಟನ್ನು ತಂದು ಅತಿಥಿಯ ಮಡಿಲಲ್ಲಿಟ್ಟ. ಇಪ್ಪತ್ತು ವರ್ಷದಲ್ಲಿ ತಾನು ತಿರುಗಿದ ಊರುಗಳಲ್ಲಿ ಯಾವ ಗ್ರಹಣ ಯಾವ ಹೊತ್ತಿಗೆ ಹಿಡಿಯಿತು, ಕೋಷ್ಟಕ ಎಲ್ಲಿ ಎಷ್ಟು ತಪ್ಪಿತು, ಎಲ್ಲವನ್ನೂ ಅವನು ಬರೆದಿಟ್ಟಿದ್ದ.

"ಇಷ್ಟೆಲ್ಲ ಮಾಡಿದವನು ನನಗೆ ಯಾಕಪ್ಪ ತಂದುಕೊಡಲಿಲ್ಲ?" ಎಂದ ಗಣಿತಜ್ಞ.

"ನೀವು ಬರೆದದ್ದು ಅಷ್ಟು ಅಂದವಾಗಿತ್ತು ಸ್ವಾಮಿ," ಎಂದ ವ್ಯಾಪಾರಿ. "ನನ್ನ ಕೈಬರಹ ನಿಮ್ಮ ಜಗಲಿಗೆ ಸಲ್ಲುವುದಿಲ್ಲ ಅಂದುಕೊಂಡೆ."

ಗಣಿತಜ್ಞ ಆ ಸೊಟ್ಟ ಸಾಲುಗಳ ಮೇಲೆ ಬೆರಳಾಡಿಸಿದ. ಗರಿಯ ಮೇಲೆ ಬರೆಯುವ ಕಬ್ಬಿಣದ ಮೊನೆಯಿಂದ ಒತ್ತಿ ಕೊರೆದ ಅಂಕಿಗಳು, ಕಣ್ಣಿಗೆ ಕಾಣದಿದ್ದರೂ ಬೆರಳಿಗೆ ಸಿಕ್ಕವು.

ಗುರುಗಳು ಕತೆ ಅಲ್ಲಿಗೆ ನಿಲ್ಲಿಸಿದರು. ಯಶೋಮತಿಯ ಚಹಾ ಆರಿಹೋಗಿತ್ತು.

"ಆ ಶಾಲಿನ ಪಂಡಿತರಿಗೆ ಯಾರೂ ಏನೂ ಅನ್ನಲಿಲ್ಲವೇ ಸರ್?" ಎಂದಳು. ಆರಿದ ಲೋಟ ಅವಳ ಕೈಯಲ್ಲೇ ಇತ್ತು.

"ಪಂಡಿತರ ತಪ್ಪು ಪಂಡಿತರದೇ ಅಮ್ಮ, ಅದನ್ನು ನಿನ್ನ ತಲೆಗೆ ಕಟ್ಟುವುದಿಲ್ಲ. ಸಮಿತಿಗೆ ನಾನೂ ಒಂದು ಕಾಗದ ಬರೆಯುತ್ತೇನೆ," ಎಂದರು ಗುರುಗಳು.

ಅವಳ ಕೈಯಿಂದ ಲೋಟ ತೆಗೆದುಕೊಂಡು, ಚಹಾ ಮತ್ತೆ ಬಿಸಿಮಾಡಲು ಒಲೆಯ ಕಡೆ ಹೊರಟವರು ಬಾಗಿಲಲ್ಲಿ ನಿಂತು ಕೇಳಿದರು:

"ಗಂಗಾವತಿಯ ಆ ಮೇಷ್ಟ್ರು ಆಮೇಲೆ ಏನಾದರೂ ಬರೆದರೇನಮ್ಮ?"