ಗೌಜಲಕ್ಕಿಗಳು ಪೊದೆ ಬಿಟ್ಟು ಬಂದ ದಿನ

ಒಂದು ಕಾಡಿತ್ತು ಮಕ್ಕಳೇ, ಅದಕ್ಕೆಲ್ಲ ಸೇರಿ ನೀರಿನ ಹೊಂಡ ಒಂದೇ. ಆ ಹೊಂಡಕ್ಕೆ ನರಿ ಯಜಮಾನ. ಐದು ವರ್ಷಕ್ಕೊಮ್ಮೆ ಚುನಾವಣೆ. ಯಾರು ಬೇಕೋ ಅವರ ಮುಂದೆ ಒಂದೊಂದು ಕಲ್ಲು ಇಡಬೇಕು. ಜಿಂಕೆಗಳದು ದೊಡ್ಡ ಹಿಂಡು. "ಮೊದಲ ನೀರು ನಿಮಗೇ" ಅಂತ ಅವನ್ನು ಒಲಿಸಿಕೊಂಡು ನರಿ ಪ್ರತಿಸಲ ಗೆಲ್ಲುತ್ತಿತ್ತು. ಹಕ್ಕಿಗಳಿಗೆ ಕೊನೆಗೆ ಉಳಿದ ಕೆಸರು.

ಆ ಕೆಸರು ಕುಡಿದೂ ಕುಡಿದೂ ಚುಕ್ಕವ್ವ ಅನ್ನೋ ಗೌಜಲಕ್ಕಿಯ ಎರಡು ಮರಿ ಕಾಯಿಲೆ ಬಿದ್ದು ಮಲಗಿಬಿಟ್ಟವು. ಈ ಸಲ ನರಿಗೆ ಎದುರಾಗಿ ಆಮೆ ನಿಂತಿತ್ತು. "ಸಣ್ಣ ಗಂಟಲಿಗೆ ಮೊದಲು ನೀರು" ಅಂದಿತ್ತು. ಚುನಾವಣೆಯ ದಿನ ಚುಕ್ಕವ್ವ ಕೊಕ್ಕಲ್ಲಿ ಕಲ್ಲು ಕಚ್ಚಿಕೊಂಡು ಹೊರಟಳು.

ನರಿ ಅಡ್ಡ ಬಂತು. "ಅಯ್ಯೋ ತಾಯಿ, ಈ ಬಿಸಿಲಲ್ಲಿ ಎಲ್ಲಿಗೆ? ನೀವಿರೋದೇ ನಾಲ್ಕು ಜನ. ಉಳಿದವರೂ ಬರಲ್ಲ ಅಂದ್ರು. ಹೋಗಿ ಮರಿ ನೋಡ್ಕೋ."

ಚುಕ್ಕವ್ವ ಪೆಚ್ಚಾಗಿ ಹಿಂದಿರುಗಿದಳು. ಆಮೇಲೆ ಅವಳಿಗೇ ಅನ್ನಿಸಿತು: ನಾಲ್ಕೇ ಜನ ಆದರೆ, ಬೆಳಗಾದರೆ ಕಾಡು ತುಂಬ ಕೂಗೋರು ಯಾರು?

ಪಕ್ಕದ ಪೊದೆಗೆ ಹೋದಳು. "ಯಾಕ್ರೇ ಕೂತಿದ್ದೀರಿ?"

"ನೀನೇ ಬರಲ್ಲ ಅಂದ್ಯಂತಲ್ಲೇ, ನರಿಯಣ್ಣ ಹೇಳ್ದ!"

"ಅವನ ಮೂತಿಗಿಷ್ಟು! ಎಷ್ಟು ಜನ ಇದ್ದೀರಿ?"

"ಹನ್ನೆರಡು."

ಅದರಾಚೆ ಹದಿನೈದು. ಇನ್ನೊಂದರಲ್ಲಿ ಇಪ್ಪತ್ತು. ಮೂರು ವರ್ಷದ ಹಿಂದೆ ಬೆಂಕಿ ಬಿದ್ದು ದೊಡ್ಡ ಮರ ಹೋಗಿದ್ದವು ನೋಡಿ, ಎಲ್ಲೆಲ್ಲೂ ಮುಳ್ಳುಪೊದೆ ಎದ್ದಿತ್ತು. ಪೊದೆ ಹೆಚ್ಚಿದ ಹಾಗೆ ಗೌಜಲಕ್ಕಿ ಹೆಚ್ಚಿದವು. ಅರ್ಧಕ್ಕರ್ಧ ಜಿಂಕೆ ಹುಲ್ಲು ಹುಡುಕಿ ಬೆಟ್ಟ ಹತ್ತಿದ್ದವು. ಆದರೆ ಗೌಜಲಕ್ಕಿಗಳಲ್ಲಿ ತಮ್ಮ ಪೊದೆಯಾಚೆ ಇಣುಕಿ ನೋಡಿದವರೇ ಇಲ್ಲ!

ಹೊಂಡದ ಹತ್ತಿರ ನರಿ ಕಾಲು ಚಾಚಿ ಕೂತಿತ್ತು. ನರಿಯ ನೆಂಟರಂತೂ "ಹೇಗಿದ್ದರೂ ಗೆಲ್ತಾನೆ" ಅಂತ ಗುಹೆಯಲ್ಲೇ ಗೊರಕೆ. ಅಷ್ಟರಲ್ಲಿ ಪುರುಪುರು ಸದ್ದು. ಸಾಲು ಸಾಲು ಗೌಜಲಕ್ಕಿ, ಎಲ್ಲರ ಕೊಕ್ಕಲ್ಲೂ ಒಂದೊಂದು ಕಲ್ಲು. ಆಮೆಯ ಮುಂದೆ ರಾಶಿ ಏರಿ ಏರಿ, ಪಾಪ, ಆಮೆಯೇ ಕಾಣದ ಹಾಗಾಯಿತು.

"ಇಷ್ಟು ಜನ ಯಾವಾಗ ಬಂದ್ರಿ ಈ ಕಾಡಿಗೆ?" ನರಿ ತೊದಲಿತು.

"ಇಲ್ಲೇ ಇದ್ವಲ್ಲಣ್ಣ," ಅಂದಳು ಚುಕ್ಕವ್ವ. "ಹೊಂಡದ ಹತ್ತಿರ ಬಂದಿದ್ದು ಮಾತ್ರ ಇವತ್ತು."

ಅವತ್ತು ಸಂಜೆ ಅವಳ ಮರಿಗಳು ಮೊದಲ ಸಲ ತಿಳಿನೀರು ಕುಡಿದವು. ನರಿಗೂ ನೀರು ಸಿಕ್ಕಿತು, ಸರದಿ ಬಂದಾಗ.

ನೀತಿ: ಸಂಖ್ಯೆ ಬೆಳೆದರೆ ಸಾಲದು, ಪ್ರತಿಯೊಬ್ಬರೂ ಬಂದು ಮತ ಹಾಕಿದರೇ ಅದಕ್ಕೆ ಬಲ.