ಹೆಸರಿಲ್ಲದ ಹಾಡು

ಒಂದು ಕಾಡಿನಲ್ಲಿ ಬೇಸಿಗೆ ಬಂದರೆ ಒಂದೇ ಒಂದು ಮಡು ಉಳಿಯುತ್ತಿತ್ತು. ಈಚೆ ದಡದಲ್ಲಿ ಜಿಂಕೆಗಳು, ಆಚೆ ದಡದಲ್ಲಿ ಕಾಡೆಮ್ಮೆಗಳು. ಒಮ್ಮೆ ನೀರಿಗಾಗಿ ನೂಕುನುಗ್ಗಲಾಯಿತು. ಚುಕ್ಕಿ ಎಂಬ ತಾಯಿ ಜಿಂಕೆಯ ಮರಿ ತುಳಿತಕ್ಕೆ ಸಿಕ್ಕಿ ಸತ್ತಿತು. ಕರಿಯವ್ವ ಎಂಬ ಕಾಡೆಮ್ಮೆಯ ಕರು ಬಂಡೆಯಿಂದ ಜಾರಿ ಸತ್ತಿತು. ಎರಡು ಹಿಂಡುಗಳೂ ಯುದ್ಧಕ್ಕೆ ಸಜ್ಜಾದವು.

ಆದರೆ ಆ ಕಾಡಿನಲ್ಲಿ ಒಂದು ಪದ್ಧತಿ ಇತ್ತು. ಯಾರಾದರೂ ಸತ್ತರೆ ಮೂರನೆಯ ದಿನ ಗೊರವಂಕಜ್ಜ ಎಂಬ ಮುದಿ ಹಕ್ಕಿ ಸತ್ತವರ ಹೆಸರು ಹಿಡಿದು ಹಾಡಬೇಕು. ಅಲ್ಲಿಯವರೆಗೆ ಯಾರೂ ಜಗಳ ತೆಗೆಯುವಂತಿಲ್ಲ.

ಇಬ್ಬರ ಜಗಳ ಮೂರನೆಯವನಿಗೆ ಲಾಭ ತಾನೇ? ನರಿ ಬಾಯಲ್ಲಿ ನೀರೂರಿಸಿಕೊಂಡು ಬಂದ. "ಅಜ್ಜ, ಹಾಡು ಖಾರವಾಗಿರಲಿ. ಕೇಳಿದವರ ರಕ್ತ ಕುದಿಯಬೇಕು."

"ನೋಡೋಣಪ್ಪ," ಎಂದ ಗೊರವಂಕಜ್ಜ.

ಅವನು ಮೊದಲು ಚುಕ್ಕಿಯ ಬಳಿ ಹೋದ. "ನಿನ್ನ ಮಗು ಹೇಗಿತ್ತಮ್ಮ?"

"ಗುಡುಗಿದರೆ ಸಾಕು, ನನ್ನ ಹೊಟ್ಟೆಯಡಿ ನುಗ್ಗಿಬಿಡುತ್ತಿತ್ತು ಅಜ್ಜ."

ಆಮೇಲೆ ಕರಿಯವ್ವನ ಬಳಿ ಹೋದ. "ನೀರು ಕುಡಿಯಲು ಈಗಷ್ಟೇ ಕಲಿಯುತ್ತಿತ್ತು," ಎಂದಳು ಅವಳು. "ಮೂಗಿಗೆ ಹೋಗಿ ಸೀನುತ್ತಿತ್ತು. ಗುಡುಗಿಗಂತೂ ಬಹಳ ಹೆದರಿಕೆ."

ಮೂರನೆಯ ದಿನ ಬೆಳಿಗ್ಗೆ ಅಜ್ಜ ಮಡುವಿನ ನಡುವಿನ ಕಲ್ಲಿನ ಮೇಲೆ ಕೂತು ಹಾಡಿದ:

"ಗುಡುಗಿದರೆ ಹೊಟ್ಟೆಯಡಿ ಅಡಗುವ ಕಂದ,
ನೀರು ಮೂಗಿಗೆ ಹೋಗಿ ಸೀನುವ ಕಂದ,
ಗುಡುಗು ನಿಂತಿತು ಮಗುವೆ, ಹೊರಗೆ ಬಾ ಎಂದರೆ
ಅಮ್ಮನ ಹೊಟ್ಟೆಯಡಿ ಬರೀ ನೆರಳು ಕಂದ."

ಹೆಸರು ಮಾತ್ರ ಹೇಳಲೇ ಇಲ್ಲ. ಎರಡೂ ದಡದವರು ತಲೆ ತಗ್ಗಿಸಿ ನಿಂತರು.

ನರಿಗೆ ಗಾಬರಿಯಾಯಿತು. ಜಿಂಕೆಗಳ ಕಡೆ ಓಡಿ, "ಅದು ನಿಮ್ಮ ಮರಿಯ ಹಾಡು. ಅದನ್ನು ಕೇಳಿ ಕಾಡೆಮ್ಮೆಗಳು ನಗುತ್ತಿವೆ, ನುಗ್ಗಿ," ಎಂದ.

ಚುಕ್ಕಿ ತಲೆಯೆತ್ತಿ ನೋಡಿದಳು. ಆಚೆ ದಡದಲ್ಲಿ ಕರಿಯವ್ವ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು.

"ನಗುತ್ತಿರುವವರು ಯಾರಪ್ಪ?" ಎಂದಳು ಚುಕ್ಕಿ.

ನರಿ ಮೆಲ್ಲನೆ ಹಿಂದೆ ಸರಿದ. ಎರಡು ಹಿಂಡುಗಳೂ ಸೇರಿ ಅವನನ್ನು ಕಾಡಿನ ಗಡಿ ದಾಟುವವರೆಗೆ ಅಟ್ಟಿದವು. ಪಾಪ, ಹಬ್ಬದೂಟಕ್ಕೆಂದು ಮೂರು ದಿನದಿಂದ ಉಪವಾಸವಿದ್ದ.

ಕರಿಯವ್ವ ನೀರು ದಾಟಿ ಬಂದಳು. "ನನ್ನ ಕರುವಿನ ಹಾಡು ಅಂದುಕೊಂಡೆ."

"ನಾನು ನನ್ನ ಮರಿಯದು ಅಂದುಕೊಂಡೆ," ಎಂದಳು ಚುಕ್ಕಿ.

"ನಿನ್ನ ಮರಿಯನ್ನು ತುಳಿದದ್ದು ನನ್ನ ಕಾಲೇ. ಧೂಳಿನಲ್ಲಿ ಕಾಣಲಿಲ್ಲ ತಂಗಿ."

ಚುಕ್ಕಿಯ ದುಃಖ ಒಂದು ಚೂರೂ ಕಡಿಮೆಯಾಗಿರಲಿಲ್ಲ. ಆದರೂ ನೀರಿನ ಅಂಚಿನಲ್ಲಿ ಸ್ವಲ್ಪ ಪಕ್ಕಕ್ಕೆ ಸರಿದು ಜಾಗ ಮಾಡಿದಳು.

"ಮೂರು ದಿನದಿಂದ ನೀನೂ ನೀರು ಮುಟ್ಟಿಲ್ಲ. ಕುಡಿ ಅಕ್ಕ," ಎಂದಳು.

ನೀತಿ: ಹಗೆಯವನ ಕಣ್ಣೀರಿನಲ್ಲಿ ನಮ್ಮ ನೋವನ್ನು ಕಾಣಿಸುವುದೇ ಒಳ್ಳೆಯ ಹಾಡು; ಅದನ್ನು ಕಂಡವರಿಗೆ ಕ್ಷಮಿಸುವ ದಾರಿ ಸಿಗುತ್ತದೆ.