ಮಂಡಿ ತಟ್ಟಿದರೆ ಕಾಲು ಒದೆಯುವುದೇಕೆ

ಲೋಕದ ಮಣ್ಣು ಇನ್ನೂ ಹಸಿಯಾಗಿತ್ತು. ಬೆಟ್ಟಗಳು ಎಲ್ಲಿ ಕೂರಬೇಕೆಂದು ಜಗಳವಾಡುತ್ತಿದ್ದವು. ನದಿಗಳು ದಾರಿ ಕೇಳಿಕೊಂಡು ಹೋಗುತ್ತಿದ್ದವು. ಮರ ಮಾತಾಡುತ್ತಿತ್ತು, ಗಾಳಿ ಮಾತಾಡುತ್ತಿತ್ತು, ನಮ್ಮ ಕೈಕಾಲುಗಳೂ ಮಾತಾಡುತ್ತಿದ್ದವು. ಹೊಟ್ಟೆ ಈಗ ಬರೀ ಗೊರಗೊರ ಅನ್ನುತ್ತದಲ್ಲ, ಆಗ ಅದು ಊಟಕ್ಕೆ ಏನೇನು ಬೇಕೆಂದು ಬಿಡಿಸಿ ಹೇಳುತ್ತಿತ್ತು.

ಆ ಕಾಲದಲ್ಲಿ ಮನುಷ್ಯರೆಲ್ಲ ದಿನಾ ಸಂಜೆ ಮಂಡಿಯೂರುತ್ತಿದ್ದರು.

ಯಾಕೆ ಅಂತೀಯಾ ಮಗೂ? ಬಿರುಗಾಳಿಗೆ ಹೆದರಿ. ಹೊತ್ತು ಇಳಿಯುತ್ತಿದ್ದಂತೆ ಅವನು ಬಿದಿರು ಕೋಲು ಹಿಡಿದು ಬರುತ್ತಿದ್ದ. ಒಬ್ಬೊಬ್ಬರ ಮಂಡಿಯ ಕೆಳಗೂ ಟಪ್ ಎಂದು ತಟ್ಟುತ್ತಿದ್ದ. ತಟ್ಟಿಸಿಕೊಂಡವರು ಧೊಪ್ಪನೆ ಮಂಡಿಯೂರಿ, ಎರಡು ಕೈಯನ್ನೂ ನೆಲಕ್ಕೆ ಊರಬೇಕು. ಅವನು ಬೇಕಾದ್ದನ್ನು ಎತ್ತಿಕೊಂಡು ಹೋಗುವವರೆಗೂ ಏಳುವಂತಿಲ್ಲ. ಒಣಹಾಕಿದ ಕಾಳು ಬೇಕಾದರೆ ಕಾಳು, ಹೊದ್ದ ಬಟ್ಟೆ ಬೇಕಾದರೆ ಬಟ್ಟೆ. ಅವನನ್ನು ನೆನೆಸಿಕೊಂಡರೆ ನನಗೆ ಈಗಲೂ ಮೈ ಉರಿಯುತ್ತದೆ.

ಜನಕ್ಕೆ ಅದು ಎಷ್ಟು ರೂಢಿಯಾಗಿತ್ತೆಂದರೆ, ಮಂಡಿಯ ಮೇಲಿನ ಜಡ್ಡನ್ನು ಒಬ್ಬರಿಗೊಬ್ಬರು ತೋರಿಸಿ ಹೆಮ್ಮೆಪಡುತ್ತಿದ್ದರು. ಹೆಣ್ಣು ನೋಡಲು ಹೋದವರು, "ಹುಡುಗಿ ಬೇಗ ಮಂಡಿಯೂರ್ತಾಳೇನಮ್ಮಾ?" ಎಂದು ಮೊದಲು ಕೇಳುತ್ತಿದ್ದರು. ನಾಚಿಕೆಗೇಡು!

ಅದೇ ಜನರ ನಡುವೆ ಬೊಮ್ಮಿ ಎಂಬ ಹುಡುಗಿ ಇದ್ದಳು. ಅವಳಿಗೊಬ್ಬ ಪುಟ್ಟ ತಮ್ಮ. ಅವನಿಗೆ ಇನ್ನೂ ಹೆಸರಿಟ್ಟಿರಲಿಲ್ಲ, ಹಲ್ಲೂ ಬಂದಿರಲಿಲ್ಲ. ಹಳೇ ಸೀರೆಯ ಜೋಲಿಯಲ್ಲಿ ಮಲಗಿ ತನ್ನ ಕಾಲ್ಬೆರಳನ್ನು ತಾನೇ ಚೀಪುತ್ತಿದ್ದ.

ಒಂದು ಸಂಜೆ ಬಿರುಗಾಳಿ ಆ ಜೋಲಿಯ ಮುಂದೆ ನಿಂತುಬಿಟ್ಟ. ಮೆಲ್ಲಗೆ ತೂಗಿ ನೋಡಿದ. ಮಗು ಕಿಲಕಿಲ ನಕ್ಕಿತು.

"ಆಟಕ್ಕೆ ಚೆನ್ನಾಗಿದೆ ಇದು. ನಾಳೆ ಬಂದು ತಗೊಂಡು ಹೋಗ್ತೀನಿ. ಸಮುದ್ರದ ಮೇಲೆ ತೂಗ್ತೀನಿ," ಅಂದ.

ಬೊಮ್ಮಿಯ ಅವ್ವ ಹೊನ್ನಿ ಮಂಡಿಯೂರಿದಲ್ಲೇ ಗೋಳೋ ಎಂದು ಅತ್ತಳು. ಗಾಳಿ ಕೇಳಿಸಿಕೊಳ್ಳಲಿಲ್ಲ, ಹೊರಟುಹೋದ.

ಮಗುವನ್ನು ಬಚ್ಚಿಡೋಣವೆಂದರೆ ಗಾಳಿ ನುಗ್ಗದ ಗುಹೆ ಯಾವುದಿದೆ? ಎದೆಗೆ ಅವಚಿಕೊಳ್ಳೋಣವೆಂದರೆ ಎರಡು ಕೈಯೂ ನೆಲದ ಮೇಲಿರಬೇಕು. ಬೊಮ್ಮಿಯ ಅಪ್ಪ ತಲೆ ಮೇಲೆ ಕೈಹೊತ್ತು ಕುಳಿತ. "ನಮ್ ಕೈಲಿ ಏನಿದೆ ಮಗಳೇ," ಅಂದ.

ಆಗ ಪಕ್ಕದ ಹುಣಸೆಮರ ಮಾತಾಡಿತು. "ನನ್ನ ಕೊಂಬೆಗೆ ಕಟ್ಟಿ ಮಗೂನ. ನನ್ನ ಕೊಂಬೆ ಮುರಿಯೋಕೆ ಆ ಗಾಳಿ ಹುಟ್ಟಿದಾಗಿಂದ ನೋಡ್ತಾ ಇದಾನೆ, ಆಗಿಲ್ಲ. ಆದ್ರೆ ಗಂಟು ಬಿಚ್ಚಿಕೊಂಡ್ರೆ ನಾನೇನು ಮಾಡ್ಲಿ? ನನಗೆ ಬೆರಳಿಲ್ಲ. ಯಾರಾದ್ರೂ ನಿಂತ್ಕೊಂಡು ಗಂಟು ಹಿಡ್ಕೋಬೇಕು."

ನಿಂತುಕೊಂಡು! ಬಿರುಗಾಳಿ ಬಂದಾಗ ನಿಂತವರು ಲೋಕದಲ್ಲೇ ಇರಲಿಲ್ಲ.

"ನಾನು ನಿಂತ್ಕೋತೀನಿ," ಅಂದಳು ಬೊಮ್ಮಿ.

ಹೇಳುವುದೇನೋ ಹೇಳಿದಳು. ಆದರೆ ಮೈ ಕೇಳಬೇಕಲ್ಲ? ಆಗೆಲ್ಲ ಮೈಯಲ್ಲಿ ಏನು ನಡೆಯಬೇಕಾದರೂ ಮೆದುಳಿನ ಅಪ್ಪಣೆ ಬೇಕಿತ್ತು. ಕಾಲಿಗೆ ಮುಳ್ಳು ಚುಚ್ಚಿದರೆ ನರ ಆ ಸುದ್ದಿ ಹೊತ್ತು ಓಡಬೇಕು. ಮಂಡಿ ದಾಟಿ, ತೊಡೆ ದಾಟಿ, ಬೆನ್ನು ಹತ್ತಿ, ಕುತ್ತಿಗೆ ಹತ್ತಿ, ತಲೆಬುರುಡೆಯೊಳಗೆ ಕೂತ ಮೆದುಳಿಗೆ ಮುಟ್ಟಿಸಬೇಕು. ಮೆದುಳು ಯೋಚಿಸಿ, ಇನ್ನೊಂದು ಸಲ ಯೋಚಿಸಿ, ಅಪ್ಪಣೆ ಕೊಡಬೇಕು. ಅದು ಮತ್ತೆ ಅಷ್ಟು ದೂರ ಇಳಿದು ಬರಬೇಕು. ಅಷ್ಟರಲ್ಲಿ ಮುಳ್ಳು ಪೂರ್ತಿ ಒಳಗೆ ಹೋಗಿರುತ್ತಿತ್ತು.

ಬೊಮ್ಮಿ ಮೊದಲು ಮೆದುಳನ್ನೇ ಕೇಳಿದಳು. "ನಾಳೆ ಗಾಳಿ ತಟ್ಟಿದಾಗ 'ಬಗ್ಗು' ಅನ್ನಬೇಡ. ನನ್ನ ತಮ್ಮನ ಜೀವ ಅದರ ಮೇಲಿದೆ."

ಮೆದುಳು ನಡುಗಿತು. "ಆಗಲ್ಲ ಮಗಳೇ. ಅವನು ಒಂದ್ಸಲ ಕಿವಿಯೊಳಗೆ ನುಗ್ಗಿ ಹಗಲೆಲ್ಲಾ ಸಿಳ್ಳೆ ಹಾಕಿದ್ದ. ತಡೆಯೋಕಾಗದೆ, ತಟ್ಟಿದಾಗೆಲ್ಲ ಬಗ್ತೀನಿ ಅಂತ ಮಾತು ಕೊಟ್ಟಿದೀನಿ. ಕೊಟ್ಟ ಮಾತು ಕೊಟ್ಟಿದ್ದೇ."

"ನೀನು ಕೊಟ್ಟೆ. ನಾನು ಕೊಟ್ಟಿಲ್ಲ," ಅಂದಳು ಬೊಮ್ಮಿ.

ಅವಳು ಹುಣಸೆಮರದ ಬುಡದಲ್ಲಿ ಕೂತು, ಮಂಡಿಯ ಮೇಲೆ ಗಲ್ಲ ಊರಿ, ಮಂಡಿಯನ್ನೇ ಕೇಳಿದಳು.

"ನೀನು ಯಾಕೆ ಬಗ್ತೀಯ?"

"ನನಗೇನು ಆಸೇನಾ?" ಅಂದಿತು ಮಂಡಿಚಿಪ್ಪು. ಮಂಡಿಯ ಮುಂದೆ ಮುಚ್ಚಳದ ಹಾಗೆ ಕೂತಿದೆಯಲ್ಲ ದುಂಡನೆಯ ಮೂಳೆ, ಅದೇ. "ನನ್ನ ಕೆಳಗೆ ಒಂದು ಗಟ್ಟಿ ನಾರಿದೆ. ಗಾಳಿ ಅಲ್ಲೇ ತಟ್ತಾನೆ. ನಾನು ಮೇಲಕ್ಕೆ ಸುದ್ದಿ ಕಳಿಸ್ತೀನಿ. ಮೇಲಿಂದ 'ಬಗ್ಗು' ಅಂತ ಬರುತ್ತೆ. ಬಗ್ತೀನಿ."

"ಹಂಗಾದ್ರೆ ಸುದ್ದೀನ ಅಷ್ಟು ಮೇಲಕ್ಕೆ ಕಳಿಸಬೇಡ."

"ಇನ್ನೆಲ್ಲಿಗೆ ಕಳಿಸ್ಲಿ?"

ಬೊಮ್ಮಿ ಯೋಚಿಸಿದಳು. ಸುದ್ದಿ ಹೋಗುವ ದಾರಿಯನ್ನು ಬೆರಳಿಂದ ಸವರುತ್ತಾ ಹೋದಳು. ಮಂಡಿ, ತೊಡೆ, ಸೊಂಟ, ಬೆನ್ನು. ಬೆನ್ನುಮೂಳೆಯ ಹತ್ತಿರ ಬೆರಳು ನಿಂತಿತು. ಆ ಮೂಳೆಗಳ ಒಳಗೆ ಮೇಲಿಂದ ಕೆಳಗಿನವರೆಗೆ ಬಿಳೀ ಹಗ್ಗದಂಥದ್ದೊಂದು ಇಳಿಬಿದ್ದಿದೆ. ಅದೇ ಬೆನ್ನುಹುರಿ. ಹೋಗುವ ಸುದ್ದಿ, ಬರುವ ಅಪ್ಪಣೆ ಎಲ್ಲ ಅದರ ಮೂಲಕವೇ.

"ಬೆನ್ನುಹುರಿಯಣ್ಣಾ," ಎಂದು ಕರೆದಳು. "ಮಂಡಿ ಕಳಿಸೋ ಸುದ್ದೀನ ನಿನ್ನ ಹತ್ತಿರಾನೇ ನಿಲ್ಲಿಸಿ, ನೀನೇ ಉತ್ತರ ಕೊಟ್ಟು ವಾಪಸ್ ಕಳಿಸ್ತೀಯಾ?"

ಬೆನ್ನುಹುರಿ ಗಲಿಬಿಲಿಗೊಂಡಿತು. ಅದನ್ನು ಆವರೆಗೆ ಯಾರೂ ಏನೂ ಕೇಳಿರಲಿಲ್ಲ. "ನಾನಾ? ನಾನು ಬರೀ ದಾರಿ ಕಣಮ್ಮ. ದಾರಿಗೆ ಬಾಯಿ ಇರುತ್ತಾ?"

"ದಿನಾ ಸಂಜೆ 'ಬಗ್ಗು' ಅನ್ನೋದು ನಿನ್ನ ಮೈಮೇಲೇ ಹಾದುಹೋಗುತ್ತಲ್ಲ. ನಿನಗೆ ಏನೂ ಅನ್ನಿಸಲ್ವಾ?"

"ಅನ್ನಿಸುತ್ತೆ," ಅಂದಿತು ಬೆನ್ನುಹುರಿ. "ಕೋಪ ಬರುತ್ತೆ. ಯಾರ ಹತ್ತಿರ ಹೇಳ್ಕೊಳ್ಲಿ ಅಂತ ಸುಮ್ಮನಿದ್ದೆ. ಈಗ ಹೇಳು, ಏನಂತ ಉತ್ತರ ಕೊಡ್ಲಿ?"

"'ಒದಿ' ಅನ್ನು."

ಇದನ್ನು ಕೇಳಿಸಿಕೊಂಡ ತೊಡೆಯ ಸ್ನಾಯು ಕುಣಿದೇಬಿಟ್ಟಿತು. "ನನಗೇ ಕಳಿಸು! ಆ ನಾರು ನನ್ನದೇ, ಮಂಡಿಚಿಪ್ಪು ದಾಟಿ ಕೆಳಗಿನ ಮೂಳೆಗೆ ಅಂಟಿರೋದು. ನಾನು ಒಂದ್ಸಲ ಎಳೆದ್ರೆ ಸಾಕು, ಕಾಲು ಎದ್ದು ನಿಲ್ಲುತ್ತೆ. ನಾನು ಇಷ್ಟು ದಪ್ಪ ಬೆಳೆದಿರೋದು ಮಂಡಿಯೂರೋಕಾ?"

ಮಾರನೆಯ ದಿನ ಹೊತ್ತು ಇಳಿಯಿತು. ಜೋಲಿಯನ್ನು ಹುಣಸೆಯ ಕೊಂಬೆಗೆ ಕಟ್ಟಿದ್ದರು. ಬೊಮ್ಮಿ ಎರಡು ಕೈಯನ್ನೂ ಮೇಲೆತ್ತಿ ಗಂಟನ್ನು ಹಿಡಿದುಕೊಂಡಳು. ಭಯವಾಗುತ್ತಿತ್ತು ಅವಳಿಗೆ, ಯಾಕೆ ಸುಳ್ಳು ಹೇಳಲಿ?

ಬಿರುಗಾಳಿ ಬಂದ. ಟಪ್, ಟಪ್, ಟಪ್. ಎಲ್ಲರೂ ಬಗ್ಗಿದರು. ಅಪ್ಪ ಬಗ್ಗಿದ, ಅವ್ವ ಬಗ್ಗಿದಳು. ಕೊನೆಗೆ ಅವನು ಬೊಮ್ಮಿಯ ಮುಂದೆ ನಿಂತು, ಅವಳ ಮಂಡಿಚಿಪ್ಪಿನ ಕೆಳಗೆ ತಟ್ಟಿದ.

ಟಪ್!

ಸುದ್ದಿ ತೊಡೆಯ ಪಕ್ಕದಿಂದ ಓಡಿತು. ಬೆನ್ನುಹುರಿ ಅದನ್ನು ಗಪ್ಪನೆ ಹಿಡಿದು, "ಒದಿ!" ಎಂದಿತು. ತೊಡೆಯ ಸ್ನಾಯು ಬಿಗಿಯಿತು. ಬೊಮ್ಮಿಯ ಕಾಲು ಚಿಮ್ಮಿ ಬಿದಿರು ಕೋಲಿಗೆ ಒದ್ದಿತು. ಕೋಲು ಗಿರಗಿರನೆ ತಿರುಗಿ ಪೊದೆಯೊಳಗೆ ಬಿತ್ತು.

ಬಿರುಗಾಳಿ ಕಕ್ಕಾಬಿಕ್ಕಿಯಾದ. ಹುಟ್ಟಿದಾಗಿನಿಂದ ಯಾರೂ ಅವನನ್ನು ಒದ್ದಿರಲಿಲ್ಲ.

"ಯಾರು 'ಒದಿ' ಅಂದೋರು?" ಎಂದು ಬೊಮ್ಮಿಯ ಕಿವಿಯೊಳಗೆ ಕೂಗಿದ.

"ನಾನಲ್ಲ!" ಅಂದಿತು ಮೆದುಳು. "ನನಗೆ ಗೊತ್ತೇ ಇಲ್ಲ. ಒದ್ದಮೇಲೇ ನನಗೂ ಗೊತ್ತಾಗಿದ್ದು!"

ಅದು ನಿಜವೂ ಆಗಿತ್ತು.

ಗಾಳಿ ಕೋಲು ಹುಡುಕಿ ತಂದು ಇನ್ನೊಂದು ಮಂಡಿಗೆ ತಟ್ಟಿದ. ಆ ಕಾಲೂ ಒದ್ದಿತು. ಮತ್ತೆ ಈ ಮಂಡಿಗೆ ತಟ್ಟಿದ. ಮತ್ತೆ ಒದ್ದಿತು. ಸಿಟ್ಟಿನಿಂದ ಅವನು ಜೋಲಿಯನ್ನೇ ಹಿಡಿದು ಜಗ್ಗಿದ. ಮಗು ಚೀರಿತು. ಗಂಟು ಜಾರತೊಡಗಿತು. ಬೊಮ್ಮಿಯ ಅಂಗೈ ಸುಲಿದು ರಕ್ತ ಬಂತು. ಆದರೂ ಬಿಡಲಿಲ್ಲ.

"ನಿನ್ನ ಕಾಲಿಗೆ 'ಬಗ್ಗು' ಅಂತ ಹೇಳು!" ಎಂದು ಅವನು ಮೆದುಳಿಗೆ ಗದರಿದ. ಕಿವಿಯೊಳಗೆ ಮತ್ತೆ ಸಿಳ್ಳೆ ಹಾಕಿದ.

ಆ ಸಿಳ್ಳೆಯ ನಡುವೆ ಮೆದುಳಿಗೆ ಮಗುವಿನ ಅಳುವೂ ಕೇಳಿಸಿತು. ಒಂದು ಕಡೆ ಸಿಳ್ಳೆ, ಇನ್ನೊಂದು ಕಡೆ ಅಳು. ಪಾಪ, ಮೆದುಳು ಕೆಟ್ಟದ್ದಲ್ಲ ಮಗೂ, ಪುಕ್ಕಲು ಅಷ್ಟೆ. ಅದು ಈ ಸಲ ಎರಡನೇ ಬಾರಿ ಯೋಚಿಸಲಿಲ್ಲ.

"ನಿಲ್ಲು!" ಅಂದಿತು. "ಬೊಮ್ಮಿ, ನಿಲ್ಲು! ಕೈಗಳೇ, ಗಟ್ಟಿಯಾಗಿ ಹಿಡೀರಿ! ಸಿಳ್ಳೆ ಹಾಕ್ಕೊಂಡು ಸಾಯ್ಲಿ ಅವನು!"

ಅದನ್ನು ನೋಡಿದ ಹೊನ್ನಿ ನೆಲದಿಂದ ಕೈ ಎತ್ತಿದಳು. "ನನ್ನ ಮಗಳು ನಿಂತಿದಾಳೆ," ಅಂದಳು. ಎದ್ದಳು. ಗಾಳಿ ಓಡಿಬಂದು ಅವಳ ಮಂಡಿಗೆ ತಟ್ಟಿದ. ಅವಳ ಬೆನ್ನುಹುರಿಗೂ ಕೋಪ ಇತ್ತಲ್ಲ? ಅದೂ "ಒದಿ" ಅಂದಿತು. ಅಪ್ಪ ಎದ್ದ. ಅಕ್ಕಪಕ್ಕದವರು ಎದ್ದರು. ಬಿರುಗಾಳಿ ಒಬ್ಬರನ್ನು ತಟ್ಟುವಷ್ಟರಲ್ಲಿ ಇನ್ನೊಬ್ಬರು ಒದೆಯುತ್ತಿದ್ದರು. ಒದೆ ತಿಂದು ತಿಂದು ಅವನ ಕೋಲು ಸೀಳಿಹೋಯಿತು.

ಅವ್ವ ಬಂದು ಗಂಟಿಗೆ ಕೈ ಕೊಟ್ಟಳು. ಮಗು ಉಳಿಯಿತು.

"ನಾನು ಮತ್ತೆ ಬರ್ತೀನಿ," ಅಂದ ಬಿರುಗಾಳಿ.

"ಬಾ," ಅಂದಳು ಬೊಮ್ಮಿ. "ನೀನು ಬಂದಾಗ ನಾವು ನಿಂತಿರ್ತೀವಿ."

ಅವನು ಹೋದಮೇಲೆ ಮೆದುಳು ಬೆನ್ನುಹುರಿಯನ್ನು ಕರೆದು, "ಆಗಿದ್ದು ಆಯ್ತು. ಇನ್ನು ಮೇಲೆ ನನ್ನನ್ನು ಕೇಳಿ ಉತ್ತರ ಕೊಡು," ಎಂದಿತು.

"ಬೇರೆ ಎಲ್ಲದಕ್ಕೂ ಕೇಳ್ತೀನಿ," ಅಂದಿತು ಬೆನ್ನುಹುರಿ. "ನಡೆಯೋದು, ಕೂರೋದು, ಓಡೋದು, ಎಲ್ಲ ನಿಮ್ಮ ಅಪ್ಪಣೆ. ಆದ್ರೆ ಮಂಡಿಗೆ ಯಾರಾದ್ರೂ ತಟ್ಟಿದ್ರೆ ಮೊದಲು ಒದೀತೀನಿ, ಆಮೇಲೆ ನಿಮಗೆ ಹೇಳ್ತೀನಿ. ಇದೊಂದನ್ನ ಬಿಟ್ಟುಕೊಡಲ್ಲ."

ಮೆದುಳು ಗೊಣಗಿತು. ಬೆನ್ನುಹುರಿ ಜಗ್ಗಲಿಲ್ಲ. ಈ ಹತ್ತಿರದ ದಾರಿಯ ವಿಷಯ ಕೈಗೂ ಗೊತ್ತಾಯಿತು. ಬಿಸಿ ಕಾವಲಿ ಮುಟ್ಟಿದೆ ಅನ್ನು, 'ಅಮ್ಮಾ' ಎನ್ನುವ ಮೊದಲೇ ಕೈ ಹಿಂದೆ ಬಂದಿರುತ್ತದೆ. ಅದೂ ಬೆನ್ನುಹುರಿ ಕೊಟ್ಟ ಉತ್ತರವೇ.

ಹಾಗಂತ ಜನ ಆಮೇಲೆ ಮಂಡಿಯೂರಲೇ ಇಲ್ಲವೆಂದಲ್ಲ. ಕಳೆ ಕೀಳಲು ಊರಿದರು, ಅಂಬೆಗಾಲಿಡುವ ಮಗುವನ್ನು ಎತ್ತಿಕೊಳ್ಳಲು ಊರಿದರು. ಅದು ತಮಗೆ ಬೇಕೆಂದು ಊರಿದ್ದು. ತಟ್ಟಿ ಬಗ್ಗಿಸಲು ಬಂದವರಿಗೆ ಮಾತ್ರ ಸಿಕ್ಕಿದ್ದು ಒದೆ.

ಅದಕ್ಕೇ ನೋಡು, ಇವತ್ತಿಗೂ ಡಾಕ್ಟರು ನಿನ್ನನ್ನು ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂರಿಸಿ, ಪುಟ್ಟ ರಬ್ಬರ್ ಸುತ್ತಿಗೆಯಿಂದ ಮಂಡಿಚಿಪ್ಪಿನ ಕೆಳಗೆ ಮೆಲ್ಲಗೆ ತಟ್ಟಿದರೆ, ನೀನು ಬೇಡ ಬೇಡವೆಂದರೂ ಕಾಲು ಚಿಮ್ಮಿ ಒದೆಯುತ್ತದೆ. ಡಾಕ್ಟರು ಬೈಯುವುದಿಲ್ಲ, ಒದೆಯದಿದ್ದರೆ ಮಾತ್ರ ಅವರಿಗೆ ಚಿಂತೆ.